ನಿಮಗೆ ತೋರಿಸದ ಮೂರನೆಯ ಪರೀಕ್ಷೆ

ಚಾಮರಾಜಪೇಟೆ,
ಜುಲೈ ೨೦೦೬

ಪೂಜ್ಯ ಬದರೀನಾರಾಯಣ ಮೇಷ್ಟರಿಗೆ,

ನಿಮ್ಮ ಹೇಮಶ್ರೀಯ ನಮಸ್ಕಾರಗಳು. ‘ನಿಮ್ಮ’ ಎಂದು ಬರೆಯುವ ಹಕ್ಕು ಈ ಕಾಗದದ ಕೊನೆಯವರೆಗೂ ಉಳಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಎಂಟು ವರ್ಷ ನಿಮ್ಮ ಮನೆಯ ಮೆಟ್ಟಿಲು ಹತ್ತದಿರಲು ಮದುವೆ, ಕೆಲಸ, ಮಗು ಎಂದೆಲ್ಲ ನೆಪ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು.

ನಿವೃತ್ತರಾದ ಮೇಲೆ ನೀವು ಮಲ್ಲೇಶ್ವರದ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಆ ದ್ರಾವಣ ತಯಾರಿಸಿದಿರಿ. ನಮ್ಮ ಬೀದಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹುಡುಗಿ ನಾನು. ನನ್ನನ್ನು ಸಹಾಯಕ್ಕೆ ಕರೆದು, ನಿಮ್ಮ ಮೇಜಿನ ಎದುರಿಗೇ ಕುರ್ಚಿ ಹಾಕಿಸಿದಿರಿ. “ಹೊಗೇಲಿರೋ ಕಾರ್ಬನ್ ಡೈಆಕ್ಸೈಡನ್ನ ಇದು ಹಿಡ್ಕೊಳ್ಳತ್ತೆ. ಕಾಯಿಸಿದ್ರೆ ಬಿಟ್ಟುಕೊಡತ್ತೆ. ಆಮೇಲೆ ಅದೇ ದ್ರಾವಣಾನ ಮತ್ತೆ ಉಪಯೋಗಿಸಬಹುದು. ಹಿಡಿಯೋದು ದೊಡ್ಡದಲ್ಲ ಹೇಮ, ಸಾವಿರ ಸಲ ಹಿಡಿದು ಬಿಡೋದು ದೊಡ್ಡದು” ಎನ್ನುತ್ತಿದ್ದಿರಿ. ಭೂಮಿ ಬಿಸಿಯಾಗುತ್ತಿದೆ ಎಂದರೆ ಜನ ನಗುತ್ತಿದ್ದ ಕಾಲ ಅದು.

ಪರಮಶಿವಯ್ಯನವರು ರೇಷ್ಮೆಗೆ ಬಣ್ಣ ಹಾಕುವ ತಮ್ಮ ಕಾರ್ಖಾನೆಯ ಬಾಯ್ಲರ್ ಹೊಗೆಯನ್ನು ನಮ್ಮ ಪ್ರಯೋಗಕ್ಕೆ ಬಿಟ್ಟುಕೊಟ್ಟರು. ಬಾಯ್ಲರ್ ನೋಡಿಕೊಳ್ಳಲು ನಮ್ಮ ಬೀದಿಯ ಮುನಿರಾಮಪ್ಪಣ್ಣನನ್ನು ಸೇರಿಸಿದವಳು ನಾನೇ. ಮೊದಲ ವಾರ ನೀರಿನಂತಿದ್ದ ದ್ರಾವಣ ಐದನೆಯ ವಾರಕ್ಕೆ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಪರೀಕ್ಷಿಸಿದೆ. ಲೀಟರಿಗೆ ನಲವತ್ತೊಂದು ಮಿಲಿಗ್ರಾಂ ಕಬ್ಬಿಣ. ನಮ್ಮ ದ್ರಾವಣ ತಾನು ಹರಿಯುವ ಕಬ್ಬಿಣದ ಕೊಳವೆಯನ್ನೇ ತಿನ್ನುತ್ತಿತ್ತು.

ನಿಮಗೆ ಹೇಳಿದೆ. “ಬಾಟ್ಲು ಸರಿಯಾಗಿ ತೊಳೆದಿಲ್ಲ ನೀನು” ಎಂದು ರೇಗಿದಿರಿ. ತೊಳೆದು ಮತ್ತೆ ಮಾಡಿದೆ. ನಲವತ್ಮೂರು. ನೀವು, “ಪ್ರಯೋಗ ನೋಡೋಕೆ ಬರೋ ದೆಹಲಿ ಅಧಿಕಾರಿಗಳು ಸೋಮವಾರ ನೋಡ್ಕೊಂಡು ಹೋಗ್ಲಿ. ಮಂಗಳವಾರ ನಿಲ್ಲಿಸಿ ಕೊಳವೆ ಬದಲಾಯಿಸೋಣ. ಇಷ್ಟಕ್ಕೆಲ್ಲ ಒಂದು ವಾರ ತಡ್ಕೊಳ್ಳತ್ತೆ” ಎಂದಿರಿ. ಅವರಿಗೆ ಕೊಡುವ ವರದಿಯಲ್ಲಿ ಆ ಅಂಕಿ ಬರೆಯಲಿಲ್ಲ. ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಇಲ್ಲಿಯವರೆಗಿನದು ನಿಮಗೆ ಗೊತ್ತು.

ಭಾನುವಾರ ಸಂಜೆ ಮನಸ್ಸು ತಡೆಯದೆ ನಾನೊಬ್ಬಳೇ ಕಾರ್ಖಾನೆಗೆ ಹೋಗಿ ಮೂರನೆಯ ಸಲ ಪರೀಕ್ಷೆ ಮಾಡಿದೆ. ಇನ್ನೂರ ಹತ್ತು. ಒಂದು ವಾರವಲ್ಲ, ಒಂದು ದಿನವೂ ನಂಬುವಂತಿರಲಿಲ್ಲ. ಫೋನ್ ಬೂತಿಗೆ ಹೋಗಿ ನಿಮ್ಮ ನಂಬರು ತಿರುಗಿಸಿದೆ. ನೀವು “ಹಲೋ” ಎಂದಿರಿ. ನಾನು ಇಟ್ಟುಬಿಟ್ಟೆ. ಇನ್ನೊಮ್ಮೆ ಬೈಸಿಕೊಳ್ಳಲು ಹೆದರಿದೆ ಎಂದರೆ ಅರ್ಧ ಸತ್ಯ ಮಾತ್ರ. ಮರುದಿನದ ಪ್ರದರ್ಶನದ ಕರಪತ್ರದಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರು ಅಚ್ಚಾಗಿತ್ತು. ಅದು ಉಳಿಯಲಿ ಎಂಬ ಆಸೆಯೂ ಇತ್ತು.

ಸೋಮವಾರ ಹನ್ನೊಂದರ ಹೊತ್ತಿಗೆ ನೀವು ದೆಹಲಿಯ ಅತಿಥಿಗಳಿಗೆ ವಿವರಿಸುತ್ತಿದ್ದಿರಿ. ನನ್ನ ಕಣ್ಣೆಲ್ಲ ನೆಲದೊಳಗೆ ಪಂಪು ಕೂರಿಸಿದ್ದ ಆಳದ ಗುಂಡಿಯ ಮೇಲೆ. ಬುಸ್ಸೆಂದು ಸದ್ದಾಯಿತು. ಬಾಗುವ ಜಾಗದಲ್ಲಿ ಕೊಳವೆ ಒಡೆದು ಕುದಿಯುವ ದ್ರಾವಣ ಗುಂಡಿಗೆ ಸುರಿಯತೊಡಗಿತು. ಪಂಪು ನಿಲ್ಲಿಸಲು ಮುನಿರಾಮಪ್ಪಣ್ಣ ಏಣಿ ಇಳಿದೇಬಿಟ್ಟರು. ದ್ರಾವಣ ಹಿಡಿದಿಟ್ಟಿದ್ದ ಅನಿಲವೆಲ್ಲ ಆ ಗುಂಡಿಯ ತಳದಲ್ಲಿ ತುಂಬುತ್ತಿತ್ತು, ಗಾಳಿಗಿಂತ ಭಾರವಾದದ್ದು. ಅವರು ಒಮ್ಮೆ ಮೇಲೆ ನೋಡಿ ಕುಸಿದರು. ಇಬ್ಬರು ಕೆಲಸಗಾರರು ಓಡಿಬಂದಾಗ “ಯಾರೂ ಇಳೀಬೇಡಿ, ಸತ್ತೋಗ್ತೀರ!” ಎಂದು ಕಿರುಚಿದೆ. ಅದೊಂದೇ ನಾನು ಮಾಡಿದ್ದು.

ಅರವತ್ತೆರಡು ವರ್ಷದ ನೀವು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಇಳಿದಿರಿ. ಮುನಿರಾಮಪ್ಪಣ್ಣನ ಕಂಕುಳಿಗೆ ಇನ್ನೊಂದು ಹಗ್ಗ ಬಿಗಿದಿರಿ. ನಾವು ಎಳೆದೆವು. ನಿಮ್ಮ ಎರಡು ಕೈಗಳೂ ಮೊಣಕೈವರೆಗೆ ಸುಟ್ಟಿದ್ದವು, ಅವರ ಒಂದು ಕಾಲು ಬೆಂದಿತ್ತು. ಅವರು ಉಸಿರಾಡಿದ ಮೇಲೆಯೇ ನೀವು ಕೂತಿರಿ.

ಅತಿಥಿಗಳಲ್ಲೊಬ್ಬರು, “ಇದು ಮೊದಲೇ ಗೊತ್ತಿತ್ತೇ?” ಎಂದು ಕೇಳಿದರು. ನೀವು ನನ್ನ ಕಡೆ ತಿರುಗಲೂ ಇಲ್ಲ. “ಹುಡುಗಿ ಎರಡು ಸಲ ಹೇಳಿದ್ಲು. ನಾನೇ ಬಾಯಿ ಮುಚ್ಚಿಸ್ದೆ” ಎಂದಿರಿ. ಮೂರನೆಯ ಅಂಕಿ ನನ್ನ ನೋಟುಪುಸ್ತಕದಲ್ಲಿತ್ತು, ಪುಸ್ತಕ ನನ್ನ ಕೈಯಲ್ಲಿತ್ತು. ನಾನು ತುಟಿ ಬಿಚ್ಚಲಿಲ್ಲ. ಪ್ರಯೋಗ ನಿಂತಿತು, ನಿಮ್ಮ ಹೆಸರು ಕೆಟ್ಟಿತು. ಪ್ರಾಮಾಣಿಕ ಹುಡುಗಿ ಎಂಬ ಮಾತಿನ ಮೇಲೆ ನನಗೆ ಕೆಲಸ ಸಿಕ್ಕಿತು.

ಹೋದ ವಾರ ಮುನಿರಾಮಪ್ಪಣ್ಣನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸುಟ್ಟ ಕಾಲನ್ನು ಲುಂಗಿಯೊಳಕ್ಕೆ ಎಳೆದುಕೊಂಡು, “ನನ್ ಕಾಲು ಹೋಯ್ತು, ಇರ್ಲಿ. ಆ ಯಪ್ಪ ಪ್ರತಿ ವರ್ಷ ಅದೇ ದಿನ ಇಲ್ಲಿಗೆ ಬಂದು ನನ್ ಕಾಲು ಮುಟ್ಟಿ ‘ತಪ್ಪಾಯ್ತು’ ಅಂತಾರೆ ಕಣಮ್ಮ. ಎಂಟ್ ವರ್ಸ ನೀನ್ ಅದನ್ನ ಮಾಡುಸ್ಬುಟ್ಟೆ. ಮೊದ್ಲು ಅವರಿಗೆ ಹೇಳು” ಎಂದರು.

ನೀವು ಅಲ್ಲಿಗೆ ಹೋಗುತ್ತೀರಿ ಎಂಬುದೇ ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ.

ಒಂದು ವಾರವಿದೆ ಎಂದು ನಂಬಿದ್ದು ನಿಮ್ಮ ತಪ್ಪು. ಒಂದು ದಿನವೂ ಇಲ್ಲವೆಂದು ತಿಳಿದೂ ಸುಮ್ಮನಿದ್ದದ್ದು ನನ್ನದು. ಎರಡೂ ಒಂದೇ ಅಲ್ಲ. ದೆಹಲಿಯವರಿಗೂ ಇದನ್ನೇ ಬರೆದು ನಿನ್ನೆ ಅಂಚೆಗೆ ಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತೇನೆ. ಒಳಗೆ ಕರೆಯದಿದ್ದರೂ ಸರಿ. ಮುಂದಿನ ವರ್ಷ ಆ ದಿನ ಮುನಿರಾಮಪ್ಪಣ್ಣನ ಮನೆಗೆ ಊಟಕ್ಕೆಂದು ಹೋಗಿ, ಕಾಲು ಮುಟ್ಟಲಿಕ್ಕಲ್ಲ.

ನಿಮ್ಮ ಕೈಗಳು ನೋಯದಿರಲಿ, ನಿದ್ದೆ ಚೆನ್ನಾಗಿ ಬರಲಿ.

ತಪ್ಪೊಪ್ಪಿಕೊಳ್ಳಲು ತಡಮಾಡಿದ,
ಹೇಮಶ್ರೀ