ಚೆಂಡೆ ಸರಿಯಾಗಿ ಕೇಳಿದ ದಿನ

ಕಾಣಿಯೂರು,
14 ಫೆಬ್ರವರಿ 2025

ಪ್ರೀತಿಯ ಅವಿನ್,

ಕ್ಷೇಮ ಎಂದು ಬರೆದು ಶುರುಮಾಡುವುದು ಕ್ರಮ. ನಾನೇನೋ ಕ್ಷೇಮ. ನಿಮ್ಮ ಅಮ್ಮ ಕ್ಷೇಮವಿಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ, ಮಾತು ಮಾವ ತೀರಿಹೋದ ದಿನಕ್ಕೆ ಬಂದ ಕೂಡಲೇ ನೀವಿರುವ ಪುತ್ತೂರಿನಲ್ಲಿ ನೆಟ್‌ವರ್ಕ್ ಇಲ್ಲದಾಗುತ್ತದೆ. ಕಾಗದವನ್ನು ಕಟ್ ಮಾಡಲಿಕ್ಕೆ ಆಗುವುದಿಲ್ಲವಲ್ಲ, ಪೂರ್ತಿ ಓದಿ.

ಕಾಣಿಯೂರಿನ ಅವರ ತವರಿಗೆ ಕರೆದುಕೊಂಡು ಬಂದರೆ ಅತ್ತೆ ಸ್ವಲ್ಪ ಸುಧಾರಿಸಬಹುದೆಂದು ನಾವಿಬ್ಬರೂ ಎಣಿಸಿದ್ದೆವು. ಸುಧಾರಿಸಿಲ್ಲ. ಗಂಜಿ ಮುಂದಿಟ್ಟರೆ ಒಂದೆರಡು ಚಮಚ ಉಂಡು ಬಟ್ಟಲು ದೂಡುತ್ತಾರೆ. ನೋಡಲು ಬಂದವರಿಗೆಲ್ಲ ಅವರದ್ದು ಅದೇ ಮಾತು: ಆಕ್ಸಿಜನ್ ಮಿಷನ್ ಒರೆಸುವಾಗ ನನ್ನ ಕೈ ತಾಗಿ ಸ್ವಿಚ್ಚು ಆಫ್ ಆಯಿತು, ನಾನೇ ಅವರನ್ನು ಕೊಂದದ್ದು ಎಂದು. ಈಗ ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಸಂಜೆ ಕತ್ತಲಾದರೂ ನಾನು ಬಂದು ಲೈಟು ಹಾಕುವವರೆಗೆ ಹಾಗೇ ಕೂತಿರುತ್ತಾರೆ. ಮೊನ್ನೆ ಅವರ ಅಣ್ಣನ ಹೆಂಡತಿ, ಅತ್ತೆಗೆ ಕೇಳಲಿ ಎಂದೇ, ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಒಂದು ಸ್ವಿಚ್ಚು ನೋಡ್ಲಿಕ್ಕೆ ಗೊತ್ತಾಗುದಿಲ್ವಾ ಎಂದರು. ಅತ್ತೆ ಹೌದೆಂದು ತಲೆಯಾಡಿಸಿದರು.

ಚಾವಡಿಯ ಸ್ಪೀಕರುಗಳಿಗೆ ಜೋಡಿಸುವ ಆ ಹೊಸ ಡಿಜಿಟಲ್ ಪ್ರೀಆಂಪ್ ನೀವು ಮಾವನಿಗಾಗಿಯೇ ತಂದದ್ದು, ಅದನ್ನು ನಾನು ಮರೆತಿಲ್ಲ. ಶ್ವಾಸಕೋಶ ಕೈಕೊಟ್ಟ ಮೇಲೆ ಅವರು ಯಕ್ಷಗಾನ ತಾಳಮದ್ದಳೆಗೆ ಹೋಗಲಾರದೆ ಚಾವಡಿಯ ಪಕ್ಕದ ಕೋಣೆಯಲ್ಲೇ ಉಳಿದರು. ನೀವು ರೆಕಾರ್ಡಿಂಗ್ ಹಾಕಿದರೆ, ಎಂತ ಮಾರಾಯ, ಚೆಂಡೆ ಬಾವಿಯೊಳಗಿಂದ ಬಡಿದ ಹಾಗೆ ಕೇಳುದು ಎಂದು ನಗುತ್ತಿದ್ದರು. ಚಾವಡಿಯ ಮೂಲೆಯಲ್ಲಿ ಆ ಗುಂಯ್ ನನಗೂ ಕೇಳುತ್ತಿತ್ತು. ಅದು ಗೋಡೆಗಳ ದೋಷ, ಮೈಕು ಇಟ್ಟು ಕೂಂಯ್ ಎಂದು ಸದ್ದು ಬಿಟ್ಟರೆ ಪ್ರೀಆಂಪೇ ಅಳೆದು ಸರಿಮಾಡುತ್ತದೆ ಎಂದು ನೀವು ನನಗೆ ಮಗುವಿಗೆ ಹೇಳುವ ಹಾಗೆ ಹೇಳಿದ್ದಿರಿ. ಆದರೆ ಪ್ರತಿ ಸಲವೂ ನಿಮ್ಮ ಫೋನಿನ ಪರದೆಯಲ್ಲಿ ಬರುತ್ತಿದ್ದದ್ದು ಒಂದೇ ಸಾಲು, ಕೋಣೆಯಲ್ಲಿ ಗದ್ದಲ ಹೆಚ್ಚು. ಫ್ಯಾನು ನಿಲ್ಲಿಸಿದಿರಿ, ಫ್ರಿಜ್ಜು ನಿಲ್ಲಿಸಿದಿರಿ. ಉಳಿದದ್ದು ಮಾವನ ಆಕ್ಸಿಜನ್ ಮಿಷನಿನ ಸದ್ದು. ಅವರನ್ನು ಚೆಕಪ್‌ಗೆ ಕರೆದೊಯ್ಯುವ ದಿನ ಅಳತೆ ಮಾಡಿದರಾಯಿತು ಎಂದು ನಿಮಗೆ ಹೇಳಿಯೇ ನಾನು ಆ ಬೆಳಿಗ್ಗೆ ಸುಳ್ಯದ ಮದುವೆಗೆ ಹೊರಟದ್ದು.

ಸಂಜೆ ಬರುವಾಗ ಅಂಗಳ ತುಂಬ ಜನ.

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ನೀವು ಮಾವನ ಫೋಟೊದ ಎದುರು ಅವರ ಇಷ್ಟದ ಪ್ರಸಂಗ ಹಾಕಿದಿರಿ. ಗುಂಯ್ ಇರಲಿಲ್ಲ. ಚೆಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾವ ಹೋದಂದಿನಿಂದ ಆ ದಿನದವರೆಗೆ ಮನೆಯಲ್ಲಿ ಒಂದು ಗಳಿಗೆಯೂ ಜನ ಕಡಿಮೆಯಾದದ್ದಿಲ್ಲ, ಮಾತು ನಿಂತದ್ದಿಲ್ಲ. ಹಾಗಾದರೆ ಅಳತೆ ಆದದ್ದು ಯಾವಾಗ? ನೀವು ನನ್ನ ಮುಖ ನೋಡಿ ಕೂಡಲೇ ಆಫ್ ಮಾಡಿದಿರಿ. ಅಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿತ್ತು.

ನಾನು ಮದುವೆಗೆ ಹೋದ ಆ ಮಧ್ಯಾಹ್ನ ಊಟವಾಗಿ ಮಾವ ಮಲಗಿದ್ದರು. ಎರಡು ನಿಮಿಷ ಎಂದುಕೊಂಡೇ ನೀವು ಅವರ ಮಿಷನ್ ನಿಲ್ಲಿಸಿರಬೇಕು. ಮತ್ತೆ ಅವರ ಕೋಣೆಯ ಬಾಗಿಲು ಹಾಕಿ, ಮೈಕನ್ನು ಸೋಫಾದ ಈ ಬದಿಗೆ, ಆ ಬದಿಗೆ, ಹಿಂದಕ್ಕೆ ಎಂದು ಇಡುತ್ತ ಹೋದಿರಿ. ಆ ಕೆಲಸಕ್ಕೆ ಕೂತರೆ ನಿಮಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅವರಿಗೆ ಚೆಂದ ಕೇಳಿಸಬೇಕೆಂದೇ ಮಾಡಿದಿರಿ, ನಿಮ್ಮನ್ನು ಕೊಲೆಗಾರ ಎನ್ನುವ ಬಾಯಿ ನನಗಿಲ್ಲ. ಆದರೆ ಅತ್ತೆ ಎಲ್ಲರೆದುರು ತಪ್ಪು ನನ್ನದು ಎಂದಾಗ ನೀವು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಿರಲ್ಲ, ಅದನ್ನು ನುಂಗಲಿಕ್ಕೆ ನನ್ನಿಂದಾಗುತ್ತಿಲ್ಲ. ನೀವು ಇಲ್ಲಿಗೆ ಬಂದು, ನಿನ್ನಿಂದ ಅಲ್ಲ ಅಮ್ಮಾ, ನನ್ನಿಂದ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಹೆಚ್ಚು ದಿನ ಉಳಿಯುವುದಿಲ್ಲ. ನಾನೂ ಆ ಮನೆಗೆ ಮರಳುವುದಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಪ್ರೀತಿಕಾ

ಸಹಿ ಹಾಕಿದ ಮೇಲೆ ಬರೆದದ್ದು: ಇಷ್ಟು ಬರೆಯುವಾಗ ಸಂಜೆಯಾಗಿ ಅಕ್ಷರ ಕಾಣದಾಯಿತು. ಅತ್ತೆ ಹಿಂದಿನಿಂದ ಬಂದು ತಾವೇ ಸ್ವಿಚ್ಚು ಒತ್ತಿ ಲೈಟು ಹಾಕಿದರು. ಕಾಗದ ತೆಗೆದುಕೊಂಡು ಪೂರ್ತಿ ಓದಿದರು. ಆ ಮಧ್ಯಾಹ್ನ ಕೂಂಯ್ ಶಬ್ದ ನನಗೂ ಕೇಳ್ತಾ ಇತ್ತು ಮಗಾ, ಮಿಷನ್ ಆಫ್ ಇದ್ದದ್ದನ್ನು ಮೊದಲು ಕಂಡದ್ದೇ ನಾನು, ಅವನ ಮುಖ ನೋಡಿದೆ, ಗೊತ್ತಾಯ್ತು ಎಂದರು. ಅಪ್ಪನನ್ನು ಕೊಂದವ ಅಂತ ಹೇಳಿಸಿಕೊಂಡು ಅವ ಬದುಕುದು ಹೇಗೆ, ನನಗೆ ಇನ್ನು ಎಷ್ಟು ದಿನ ಉಂಟು, ಇದನ್ನು ಹರಿದು ಹಾಕು ಎಂದರು. ಹಾಗಾದರೆ ಇಷ್ಟು ದಿನ ಕತ್ತಲೆಯಲ್ಲಿ ಕೂತದ್ದು ಯಾಕೆ ಎಂದು ಕೇಳಿದೆ. ನಾನು ಸ್ವಿಚ್ಚು ಮುಟ್ಟಿದರೆ ಜನ ನಂಬುದು ಹೇಗೆ ಎಂದರು. ನಾನು ಹರಿಯಲಿಲ್ಲ. ಅಮ್ಮನಿಗೆ ನೀವು ಹೇಳಬೇಕಾದದ್ದು ಈಗ ಏನೂ ಉಳಿದಿಲ್ಲ. ಆದರೂ ಬನ್ನಿ.