ದೋಣಿಯ ಇನ್ನೊಂದು ಮಗ್ಗುಲು

ರೀ,

ನೀವು ಆಸೆಪಟ್ಟ ಆ ಹಳೇ ದೋಣಿ ನೋಡ್ಕೊಂಡು ಬರೋಕೆ ಮೊದಲ ಬಸ್ಸಿಗೇ ಹೊರಟೆ. ಎಬ್ಬಿಸಿದ್ರೆ ಅಡ್ಡಗಾಲು ಹಾಕ್ತಿದ್ರಿ.

ಅದನ್ನ ಮಾರೋ ಪುಣ್ಯಾತ್ಮ ಅಷ್ಟು ದೂರದಿಂದ ಕಳಿಸಿರೋ ಫೋಟೋಗಳನ್ನ ಕನ್ನಡಕ ಹಾಕ್ಕೊಂಡು ನೋಡಿ. ಎಲ್ಲಾ ಎಡಮಗ್ಗುಲೇ! ಬಲಮಗ್ಗುಲು ತೋರಿಸಪ್ಪಾ ಅಂದ್ರೆ ಸೂರ್ಯಾಸ್ತದ ಫೋಟೋ ಕಳಿಸ್ತಾನೆ. ನಾನು ಫೋನ್ ಮಾಡೋವರೆಗೂ ಅವನಿಗೆ ಹ್ಞೂಂ ಅನ್ನಬೇಡಿ.

ಹಾಲು ಕಾಯಿಸಿಟ್ಟಿದ್ದೀನಿ. ದೋಣಿಗೆ ಜಾಗ ಮಾಡ್ತೀನಿ ಅಂತ ಹಿತ್ತಿಲಲ್ಲಿ ಬಟ್ಟೆ ಒಣಹಾಕೋ ಹಗ್ಗ ಬಿಚ್ಚಿದ್ದೀರಲ್ಲ, ಮೊದಲು ಅದನ್ನ ಕಟ್ಟಿ.

ಮದುವೆಗೆ ಮುಂಚೆ ನಿಮ್ಮದೂ ಒಂದೇ ಮಗ್ಗುಲಿನ ಫೋಟೋ ಬಂದಿತ್ತು. ನಾನೂ ಹೀಗೇ ಕಣ್ಣು ಮುಚ್ಕೊಂಡು ಒಪ್ಪಿದೆ. ಹೇಗೋ ಚೆನ್ನಾಗೇ ಬಾಳಿಕೆ ಬಂದಿರಿ ಅನ್ನಿ. ಆದ್ರೆ ನಿಮ್ಮನ್ನ ನಾನು ಯಾವತ್ತೂ ನೀರಿಗಿಳಿಸಿ ನೋಡಿಲ್ಲ.