ಸಹಿ ಹಾಕಿದ ನೋಟೀಸು

ನೆಕ್ರಾಜೆ
12-11-2018

ಹೆಡ್‌ಮಾಸ್ತರರಿಗೆ, ಒಂಬತ್ತನೇ ಕ್ಲಾಸಿನ ಶಾರನ್‌ಳ ತಾಯಿ ಮಾಡುವ ನಮಸ್ಕಾರ.

ಶಾರನ್ ಇನ್ನು ಶಾಲೆಗೆ ಬರುವುದಿಲ್ಲ. ಮಂಗಳೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಯಾರ ಹತ್ತಿರವೂ ಮಾತಾಡುವುದಿಲ್ಲ. ದಯವಿಟ್ಟು ಟಿ.ಸಿ. ಕೊಡಬೇಕು.

ಫೋನಿನಲ್ಲಿ ಅವಳ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದವನ ಮೇಲೆ ದೂರು ಕೊಟ್ಟಿದ್ದೇವೆ. ಠಾಣೆಯಲ್ಲಿ ಪೊಲೀಸ್ ಮೇಡಂ ಶಾಲೆಯ ಜೂನ್ ತಿಂಗಳ ನೋಟೀಸು ತೋರಿಸಿ, "ಇದರಲ್ಲಿ ನಿಮ್ಮ ಸಹಿ ಉಂಟಲ್ಲ?" ಅಂದರು. ಉಂಟು. ಆದರೆ ಅದು ಮಲಯಾಳದಲ್ಲಿತ್ತು. ನಾವು ಕೊಂಕಣಿ ಜಪದ ಪುಸ್ತಕವನ್ನೂ ಕನ್ನಡ ಅಕ್ಷರದಲ್ಲೇ ಓದುವವರು. ಮಲಯಾಳದ ಕಾಗದ ಬಂದರೆ ಶಾರನ್‌ಳೇ ಓದಿ ಹೇಳಬೇಕು.

ಮೇಡಂ ಓದಿ ಹೇಳಿದರು. ಮಕ್ಕಳನ್ನು ಯಾರಾದರೂ ಫೋನಿನಲ್ಲಿ ಹೆದರಿಸಿದರೆ ಬೈಯಬೇಡಿ, ಹತ್ತಿರ ಕೂರಿಸಿ ಕೇಳಿ ಅಂತ ಬರೆದದ್ದಂತೆ.

ಇನ್ನು ಮುಂದೆ ಇಂಥದ್ದನ್ನು ಕನ್ನಡದಲ್ಲೂ ಕೊಡಿ ಮಾಸ್ತ್ರೇ.

ತಪ್ಪು ನಿಮ್ಮದೊಂದೇ ಅಂತ ನಾನು ಹೇಳುವುದಿಲ್ಲ. ಆ ದಿನ ಅವಳು ನೋಟೀಸು ಹಿಡಿದು ಬಂದು, "ಮಮ್ಮಿ, ಇದನ್ನು ಪೂರ್ತಿ ಓದಿ ಹೇಳ್ತೇನೆ, ಕೇಳ್ತೀಯಾ?" ಅಂತ ಎರಡು ಸಲ ಕೇಳಿದ್ದಳು. ನಾನು ಹೊಲಿಗೆ ಮಿಷನಿನಿಂದ ತಲೆ ಎತ್ತದೆ, "ಸಹಿ ಎಲ್ಲಿ ಹಾಕಬೇಕು, ಅದು ತೋರಿಸು" ಅಂದೆ.

ತೋರಿಸಿದಳು.

ಇತಿ,
ಜೂಲಿಯೆಟ್ ಕ್ರಾಸ್ತಾ